ಕೆಂಪು ದೀಪಕ್ಕಿಂತ ಮೊದಲು ಮಾತಾಡುವ ಮುಳ್ಳು

ಏಪ್ರಿಲ್ ಬಂತೆಂದರೆ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೇ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಯ ಬಿಸಿಲು 42-43 ಡಿಗ್ರಿ ಮುಟ್ಟುವುದು ಇಲ್ಲಿಯವರಿಗೆ ಸುದ್ದಿಯಲ್ಲ. ಆದರೆ ಬೇಸಿಗೆ ಭತ್ತದ ಕೊಯ್ಲು, ಮದುವೆಗಳ ಸಾಲು, ಆಸ್ಪತ್ರೆಯ ಓಡಾಟ ಎಲ್ಲ ಕೂಡಿ ಬರುವುದೂ ಅದೇ ತಿಂಗಳುಗಳಲ್ಲಿ. ಜನ ನೆರಳು ಹುಡುಕಿ ಕೂತರೂ ಗಾಡಿಗಳು ರಸ್ತೆ ಮೇಲೆಯೇ ಇರುತ್ತವೆ.

ಅಂಥದೊಂದು ಮಧ್ಯಾಹ್ನ ಶಹಾಪುರದಿಂದ ವಡಗೇರಾಕ್ಕೆ ಬರುವಾಗ ನನ್ನ ಹಳೆಯ ಕಾರಿನ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಬೇವಿನ ಮರ ಕಂಡಲ್ಲಿ ನಿಲ್ಲಿಸೋಣವೆಂದು ಒಂದು ಕಿಲೋಮೀಟರಿನಷ್ಟು ಓಡಿಸಿದೆ. ಅಷ್ಟು ಸಾಕಾಯಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಎಂಜಿನ್ ಬಿಚ್ಚಿದ ಮಿಸ್ತ್ರಿ ಹೇಳಿದ್ದು ಒಂದೇ ಮಾತು: "ಲೈಟ್ ಹತ್ತೂತನಕ ಕಾಯಬಾರದಿತ್ತು ಸರ್." ಕಾಯದೆ ನಾನು ನೋಡಬೇಕಾಗಿದ್ದುದಾದರೂ ಏನನ್ನು? ಆ ಕಾರಿನಲ್ಲಿ ಶಾಖ ತೋರಿಸುವ ಮುಳ್ಳೇ ಇರಲಿಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಮಿತಿ ಮೀರಿದರೆ ಕೆಂಪು ದೀಪ. ಇವೆರಡರ ನಡುವೆ ಏನು ನಡೆಯುತ್ತಿದೆ ಎಂದು ಹೇಳುವವರಿಲ್ಲ.

ಮುಳ್ಳಿಲ್ಲದ ಕಾರಿಗೆ ಮುಳ್ಳು ಕೂರಿಸುವ ಕಸುಬು ನನಗೆ ಪರಿಚಯವಾದದ್ದು ಹೀಗೆ. ನಮ್ಮ ಕಡೆ ಮೀಟರಿನ ಮುಳ್ಳಿಗೆ ಕಾಟಾ ಎನ್ನುತ್ತಾರೆ. ಆಟೋ ಎಲೆಕ್ಟ್ರಿಷಿಯನ್ನನ ಅಂಗಡಿಯ ಮುಂದೆ ನಿಂತು "ಕಾಟಾ ಹಾಕಬೇಕು" ಎಂದರೆ ಆತ ಮರುಪ್ರಶ್ನೆ ಕೇಳುವುದು, "ಟೆಂಪರೇಚರಾ, ಆಯಿಲಾ?" ಎಂದು ಮಾತ್ರ.

ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನೆಲದಲ್ಲಿ ಮುಳ್ಳು ನೋಡುವ ರೂಢಿ ಟ್ರ್ಯಾಕ್ಟರಿನಿಂದ ಬಂದಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬಂತು, ಭತ್ತದ ಜೊತೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಫಲಕದಲ್ಲಿ ಹಸಿರು, ಕೆಂಪು ಪಟ್ಟಿಯ ಶಾಖದ ಮುಳ್ಳಿರುತ್ತದೆ, ಬಹಳಷ್ಟರಲ್ಲಿ ಆಯಿಲ್ ಒತ್ತಡದ್ದೂ ಇರುತ್ತದೆ. ಕೆಸರುಗದ್ದೆಯಲ್ಲಿ ಕೇಜ್ ವೀಲ್ ಹಾಕಿ ದಿನವಿಡೀ ಮಣ್ಣು ಕಲಸುತ್ತ ರೊಳ್ಳಿ ಹೊಡೆಯುವವನು ಎರಡು ಸಾಲಿಗೊಮ್ಮೆ ಆ ಕಡೆ ಕಣ್ಣು ಹಾಯಿಸದೆ ಇರಲಾರ. ಆತನೇ ಒಂದು ದಿನ ಹಳೆಯ ಕಾರು ಕೊಂಡು ತಂದಾಗ ಫಲಕ ಬರಿದಾಗಿ ಕಾಣುತ್ತದೆ. ನಾನು ಕಾಟಾ ಹಾಕಿಸಲು ಹೋದ ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೇಳಿದ್ದೂ ಇದನ್ನೇ: "ತಮ್ಮಾ, ಟ್ರ್ಯಾಕ್ಟರಿಗಿ ಕಾಟಾ ಅದ, ಕಾರಿಗಿ ಯಾಕ ಇಲ್ಲ?" ಮಿಸ್ತ್ರಿ ಅಂದ, "ಇದಕ ಬರೇ ಲೈಟ್ ಕೊಟ್ಟಾರ್ರಿ ಕಾಕಾ."

ಮೊದಲು ಕಾರಿಗೂ ಮಾಪಕವಿತ್ತು. ಫಲಕದಲ್ಲಲ್ಲ, ಇನ್ನೂ ಮುಂದೆ, ಬಾನೆಟ್ಟಿನ ತುದಿಯಲ್ಲಿ. 1910ರ ದಶಕದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕ ಬಂತು. ರೇಡಿಯೇಟರಿನ ಮುಚ್ಚಳದ ಮೇಲೆ ಅದನ್ನು ನಿಲ್ಲಿಸುತ್ತಿದ್ದರು. ಗಾಜಿನೊಳಗಿನ ಕೆಂಪು ದ್ರವ ಏರುವುದು ಚಾಲಕನಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ರೇಡಿಯೇಟರ್ ಬಾನೆಟ್ಟಿನ ಒಳಗೆ ಅಡಗಿದ ಮೇಲೆ ಮಾಪಕ ಫಲಕಕ್ಕೆ ಬಂತು. ಆಯಿಲ್ ಒತ್ತಡದ ಮೀಟರಿನ ಬೇರು ಇನ್ನೂ ಹಳೆಯದು. ಫ್ರಾನ್ಸಿನ ಯೂಜೀನ್ ಬೂರ್ದೋ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಚಪ್ಪಟೆ ಕೊಳವೆಯೇ ಅದರ ಜೀವ. ಸಂಕ್ರಾಂತಿಯ ಮೈಲಾಪುರ ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಸುರುಳಿ ಪೀಪಿಯನ್ನು ನೆನೆಸಿಕೊಳ್ಳಿ. ಊದಿದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸುತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಿದಂತೆ ಆ ಲೋಹದ ಕೊಳವೆಯೂ ಹಾಗೆಯೇ ತುಸು ನೆಟ್ಟಗಾಗಿ ಮುಳ್ಳನ್ನು ಎಳೆಯುತ್ತದೆ.

ಹಳೆಯ ಟ್ರ್ಯಾಕ್ಟರುಗಳ ಶಾಖದ ಮೀಟರಿನಿಂದ ಎಂಜಿನ್ನಿನವರೆಗೆ ಹೋಗುವ ತೆಳು ಲೋಹದ ನಳಿಕೆಯನ್ನು ನೀವು ನೋಡಿರಬಹುದು. ಅದು ವೈರ್ ಅಲ್ಲ. ಅದರೊಳಗೆ ಶಾಖಕ್ಕೆ ಆವಿಯಾಗಿ ಒತ್ತಡ ಹೆಚ್ಚಿಸುವ ದ್ರವವನ್ನು ತುಂಬಿ ಬಾಯಿ ಮುಚ್ಚಿರುತ್ತಾರೆ. ಉದ್ದ ಹೆಚ್ಚಾಯಿತೆಂದು ಯಾರಾದರೂ ಕತ್ತರಿಸಿದರೆ ಮೀಟರ್ ಅಲ್ಲಿಗೆ ಸತ್ತಂತೆ. ಈಗ ಕಾರಿಗೆ ಹಾಕುವವು ಹೆಚ್ಚಾಗಿ ಕರೆಂಟಿನವು. 52 ಮಿಲಿಮೀಟರಿನ ದುಂಡು ಮೀಟರ್, ಎಂಜಿನ್ ಕಡೆಗೊಂದು ಹಿತ್ತಾಳೆಯ ಸೆಂಡರ್, ನಡುವೆ ವೈರ್. ಸೆಂಡರಿನ ಹೊಟ್ಟೆಯಲ್ಲಿರುವ ಚೂರಿಗೆ ಶಾಖ ಏರಿದಷ್ಟೂ ವಿದ್ಯುತ್ತಿಗೆ ಒಡ್ಡುವ ಅಡ್ಡಿ ಕಡಿಮೆಯಾಗುವ ಗುಣವಿದೆ. ಆ ವ್ಯತ್ಯಾಸವನ್ನೇ ಮೀಟರ್ ಡಿಗ್ರಿಯಾಗಿ ತೋರಿಸುತ್ತದೆ. ಒಂದು ಕಂಪನಿಯ ಸೆಂಡರಿಗೆ ಇನ್ನೊಂದರ ಮೀಟರ್ ಕೂಡಿಸಿದರೆ ಮುಳ್ಳು ಅಲ್ಲಾಡುತ್ತದೆ, ಹೇಳುವುದು ಮಾತ್ರ ಸುಳ್ಳು. ಕೊಳ್ಳುವಾಗ ಜೋಡಿಯಾಗಿಯೇ ಕೊಳ್ಳಬೇಕು.

ನನ್ನ ಮಿಸ್ತ್ರಿ ಕೆಲಸ ಶುರು ಮಾಡಿದ್ದು ಕಾರಿನಿಂದಲ್ಲ, ಪಕ್ಕದ ಚಹಾದಂಗಡಿಯಿಂದ. ಕುದಿಯುವ ನೀರಿನ ಪಾತ್ರೆಯಲ್ಲಿ ಸೆಂಡರಿನ ತುದಿಯನ್ನಷ್ಟೇ ಮುಳುಗಿಸಿ ಹಿಡಿದ. ಮೈಗೊಂದು ಅರ್ತ್ ವೈರ್ ಸುತ್ತಿ, ಹಳೆಯ ಬ್ಯಾಟರಿಗೆ ಮೀಟರ್ ಜೋಡಿಸಿದ. ಮುಳ್ಳು ನಿಧಾನಕ್ಕೆ ಏರಿ 100ರ ಅಂಚಿಗೆ ನಿಂತಿತು. "ಕುದಿಯೋ ನೀರಿಗಿ ಇದು ನೂರು ಅಂದ್ರ ನಂಬಬಹುದು ಸರ್" ಎಂದು ಒರೆಸಿ ಜೇಬಿಗೆ ಹಾಕಿಕೊಂಡ. ನಾನು ಕಂಡ ಪರೀಕ್ಷೆಗಳಲ್ಲಿ ಇಷ್ಟು ಕಡಿಮೆ ಖರ್ಚಿನ, ಇಷ್ಟು ನೇರವಾದ ಪರೀಕ್ಷೆ ಇನ್ನೊಂದಿಲ್ಲ.

ಇನ್ನು ಸೆಂಡರನ್ನು ಎಲ್ಲಿ ಕೂರಿಸುವುದು? ಈ ಕಸುಬಿನ ಅರ್ಧಕ್ಕಿಂತ ಹೆಚ್ಚು ಜಾಣತನ ಇಲ್ಲಿದೆ. ಎಂಜಿನ್ನಿಗೆ ರಂಧ್ರ ಕೊರೆಯುವಂತಿಲ್ಲ. ಆದ್ದರಿಂದ ಎಂಜಿನ್ನಿನಿಂದ ರೇಡಿಯೇಟರಿಗೆ ಬಿಸಿನೀರು ಒಯ್ಯುವ ಮೇಲಿನ ರಬ್ಬರ್ ಹೋಸನ್ನು ನಡುವೆ ಕತ್ತರಿಸಿ, ಅಲ್ಲೊಂದು ಲೋಹದ ಜಾಯಿಂಟ್ ಇಟ್ಟು, ಎರಡೂ ಕಡೆ ಕ್ಲಿಪ್ ಬಿಗಿದು, ಜಾಯಿಂಟಿನ ಹೊಟ್ಟೆಗೆ ಸೆಂಡರ್ ತಿರುಗಿಸುತ್ತಾರೆ. ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಒಂದೇ ವೈರಿನ ಸೆಂಡರ್ ತನ್ನ ಅರ್ತನ್ನು ಕೂತ ಲೋಹದಿಂದಲೇ ಪಡೆಯಬೇಕು. ಹೋಸಿನ ನಡುವಿನ ಜಾಯಿಂಟಿಗೆ ಎರಡೂ ಕಡೆ ರಬ್ಬರ್. ಎಂಜಿನ್ನಿಗೂ ಅದಕ್ಕೂ ಲೋಹದ ನಂಟೇ ಇಲ್ಲ. ಪ್ರತ್ಯೇಕ ಅರ್ತ್ ವೈರ್ ಎಳೆಯದಿದ್ದರೆ ಮುಳ್ಳು ಮಲಗಿಯೇ ಇರುತ್ತದೆ, ಇಲ್ಲವೆ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಮೀಟರೇ ಕೆಟ್ಟಿದೆಯೆಂದು ಅಂಗಡಿಗೆ ಹಿಂತಿರುಗಿಸಲು ಬರುವವರಲ್ಲಿ ಬಹಳ ಜನರ ರೋಗ ಇದೇ ಎಂದು ಮಿಸ್ತ್ರಿ ಹೇಳುತ್ತಾನೆ. ಸೋರಬಾರದೆಂದು ಸೆಂಡರಿನ ತಿರುಪಿನ ಮರೆಗೆ ಬಿಳಿ ಟೇಪನ್ನು ದಪ್ಪಗೆ ಸುತ್ತುವವರೂ ಇದೇ ತೊಂದರೆಯನ್ನು ಕರೆದು ತರುತ್ತಾರೆ. ಟೇಪು ಲೋಹಕ್ಕೂ ಲೋಹಕ್ಕೂ ನಡುವೆ ಗೋಡೆ ಕಟ್ಟುತ್ತದೆ.

ಆಯಿಲ್ ಒತ್ತಡಕ್ಕಾದರೆ ಕಂಪನಿ ಕೊಟ್ಟ ಆಯಿಲ್ ದೀಪದ ಸ್ವಿಚ್ಚನ್ನು ಬಿಚ್ಚಿ, ಅಲ್ಲೊಂದು ಟಿ ಜಾಯಿಂಟ್ ಹಾಕಿ, ಹಳೆಯ ಸ್ವಿಚ್ಚನ್ನೂ ಹೊಸ ಸೆಂಡರನ್ನೂ ಅದರ ಎರಡು ಬಾಯಿಗೆ ಕೂರಿಸಬೇಕು. ಹಳೆಯ ಸ್ವಿಚ್ಚನ್ನು ತೆಗೆದೆಸೆಯಬಾರದು, ದೀಪವೂ ಇರಲಿ. ನನಗೆ ಕೇಳಿದರೆ ಮುಳ್ಳಿನ ನಿಜವಾದ ಬೆಲೆ ಆಯಿಲ್ ವಿಷಯದಲ್ಲೇ ಹೆಚ್ಚು. ಆಯಿಲ್ ದೀಪದ ಸ್ವಿಚ್ ಸಾಮಾನ್ಯವಾಗಿ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕೆಜಿಯಷ್ಟಕ್ಕೆ ಇಳಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಓಡುವಾಗ 3-4 ಕೆಜಿ ಇರಬೇಕಾದದ್ದು ಒಂದೂವರೆಗೆ ಬಿದ್ದರೂ ದೀಪ ಸುಮ್ಮನಿರುತ್ತದೆ, ಬೇರಿಂಗ್ ಒಳಗೊಳಗೇ ಸವೆಯುತ್ತಿರುತ್ತದೆ. ಆಯಿಲನ್ನೇ ತೆಳು ನಳಿಕೆಯಲ್ಲಿ ಕಾರಿನೊಳಗೆ ತರುವ ಹಳೆಯ ಮಾದರಿಯ ಮೀಟರುಗಳೂ ಸಿಗುತ್ತವೆ. ಅವು ನಿಖರ, ಆದರೆ ನಳಿಕೆ ಉಜ್ಜಿ ತೂತಾದರೆ ಸುಡುವ ಎಣ್ಣೆ ಕಾಲ ಮೇಲೆ ಚಿಮ್ಮುತ್ತದೆ. ಮನೆಮಂದಿ ಕೂರುವ ಕಾರಿಗೆ ಅದು ಬೇಡ.

ವೈರಿಂಗ್ ಕಥೆ ಚಿಕ್ಕದು. ನಾಲ್ಕು ವೈರ್: ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ ಒಂದು, ಅರ್ತಿಗೊಂದು, ಸೆಂಡರಿಗೊಂದು, ರಾತ್ರಿ ಬೆಳಕಿಗಾಗಿ ಪಾರ್ಕಿಂಗ್ ಲೈಟಿನ ವೈರಿನಿಂದ ಇನ್ನೊಂದು. ಕರೆಂಟಿನ ವೈರಿಗೆ ಫ್ಯೂಸ್ ಇರಲೇಬೇಕು. ಎಂಜಿನ್ ಕೋಣೆಯಿಂದ ಒಳಗೆ ಬರುವ ವೈರನ್ನು ತಗಡಿನ ಅಂಚಿಗೆ ತಾಗದಂತೆ ರಬ್ಬರ್ ಬುಷ್ ಮೂಲಕವೇ ತರಬೇಕು. ವೈರಿನ ಸಿಪ್ಪೆ ಕತ್ತರಿಸಿ, ತಿರುಚಿ, ಟೇಪ್ ಸುತ್ತಿ ಬಿಟ್ಟ ಜೋಡಣೆ ನಮ್ಮ ಬಿಸಿಲಿಗೆ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಟೇಪಿನ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಮೇಲೆ ಸ್ಲೀವ್ ಹೊದಿಸುವವನೇ ಒಳ್ಳೆಯ ಕೆಲಸಗಾರ.

ಮೀಟರ್ ಕೂರುವ ಬಟ್ಟಲಿಗೆ ಪೇಟೆಯಲ್ಲಿ ಪಾಡ್ ಎನ್ನುತ್ತಾರೆ. ಬೆಂಗಳೂರಿನ ಅಂಗಡಿಗಳಲ್ಲಿ ಒಂದು, ಎರಡು, ಮೂರು ಮೀಟರ್ ಹಿಡಿಸುವ ಅಚ್ಚಿನ ಪ್ಲಾಸ್ಟಿಕ್ ಪಾಡುಗಳು ಸಿಗುತ್ತವೆ. ನನ್ನ ಕಾರಿನದು ಹೊಲದಿಂದ ಬಂತು. ನೀರಾವರಿಗೆ ಹಾಕುವ 63 ಎಂಎಂ ಪಿವಿಸಿ ಪೈಪಿನಿಂದ ಮಿಸ್ತ್ರಿ ನಾಲ್ಕು ಬೆರಳಗಲದ ತುಂಡನ್ನು ಓರೆಯಾಗಿ ಕೊಯ್ದ. ಓರೆ ಯಾಕೆಂದರೆ ಮೀಟರಿನ ಮುಖ ನೇರ ಚಾಲಕನ ಕಡೆ ತಿರುಗಬೇಕು. ಒಳಗೆ ಸೈಕಲ್ ಟ್ಯೂಬನ್ನು ಸುತ್ತಿ ಸುತ್ತಿ 52ಕ್ಕೆ ಬಿಗಿ ಮಾಡಿದ. ಅಂಚನ್ನು ಮರಳು ಕಾಗದದಿಂದ ತಿಕ್ಕಿ, ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದ. ಹೊಳಪಿದ್ದರೆ ಅದರ ಬಿಂಬ ಮುಂದಿನ ಗಾಜಿನಲ್ಲಿ ಮೂಡಿ ಕಣ್ಣಿಗೆ ಚುಚ್ಚುತ್ತದೆ. ಆಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ, ಎಂದಿನಂತೆ ಸ್ಟೇರಿಂಗ್ ಹಿಡಿಯಲು ಹೇಳಿ, ಬಟ್ಟಲನ್ನು ಅಲ್ಲಿಷ್ಟು ಇಲ್ಲಿಷ್ಟು ಸರಿಸಿ ನೋಡಿದ. ರಸ್ತೆ ಮರೆಯಾಗಬಾರದು, ನೋಡಲು ತಲೆ ತಿರುಗಿಸುವಂತಿರಬಾರದು. ಎರಡು ಮಗ್ಗುಲ ಅಂಟುಪಟ್ಟಿಯನ್ನು ನಂಬದೆ, ಫಲಕದ ಸ್ಕ್ರೂ ಇದ್ದ ಕಡೆಯಿಂದಲೇ ತಗಡಿನ ಕ್ಲಾಂಪ್ ಎಬ್ಬಿಸಿ ಬಿಗಿದ. ಗಾಜಿನಡಿಯ ಬಿಸಿಲಿಗೆ ಅಂಟು ನಿಲ್ಲುವುದಿಲ್ಲವೆಂದು ಅವನು ಅನುಭವದಿಂದ ಬಲ್ಲ. ಸುರಪುರ ತನ್ನ ಸೂಕ್ಷ್ಮ ಕುಂಚದ ಚಿತ್ರಗಳಿಗೆ ಹೆಸರಾದ ಊರು. ಅದೇ ಸೀಮೆಯ ಈ ಕೈಯಲ್ಲೂ ಒಂದು ಕೂದಲೆಳೆಯ ಲೆಕ್ಕವಿತ್ತು.

ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಮೀಟರ್ ಹಾಕಿಸುವುದು ಶೋಕಿಯ ಹುಡುಗರಿಗೆ ಇಷ್ಟ. ಕಂಬದ ಮೇಲೆ ಏರ್‌ಬ್ಯಾಗ್ ಎಂದು ಬರೆದಿದ್ದರೆ ದಯವಿಟ್ಟು ಹಾಕಿಸಬೇಡಿ. ಅಪಘಾತದಲ್ಲಿ ಒಳಗಿನ ಚೀಲ ಕಣ್ಣೆವೆ ಬಡಿಯುವುದರೊಳಗೆ ಸಿಡಿದು ತೆರೆಯುತ್ತದೆ, ದಾರಿಗೆ ಅಡ್ಡವಿದ್ದ ಮೀಟರ್ ಕಲ್ಲಿನಂತೆ ತಲೆಯತ್ತ ಹಾರುತ್ತದೆ. ಪಕ್ಕದ ಸೀಟಿನ ಎದುರಿನ ಏರ್‌ಬ್ಯಾಗ್ ಮುಚ್ಚಳಕ್ಕೂ ಇದೇ ಮಾತು. ವಾರಂಟಿ ಇರುವ ಕಾರಿನ ವೈರನ್ನೂ ಹೋಸನ್ನೂ ಕತ್ತರಿಸುವುದು ಬೇಡ. ಹೊಸ ಕಾರುಗಳಲ್ಲಿ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಸಾಧನವೇ ಎಂಜಿನ್ನಿನ ಕಂಪ್ಯೂಟರ್ ಬಲ್ಲ ಶಾಖವನ್ನು ಅಂಕಿಯಲ್ಲಿ ತೋರಿಸುತ್ತದೆ. ಶಾಖಕ್ಕೆ ಅದು ಸಾಕು. ಆಯಿಲ್ ಒತ್ತಡ ಮಾತ್ರ ಬಹುತೇಕ ಕಾರುಗಳಲ್ಲಿ ಅದರಿಂದ ಸಿಗುವುದಿಲ್ಲ. ಅಲ್ಲಿ ಅಳೆಯುವ ಸೆಂಡರೇ ಇಲ್ಲ, ಇರುವುದು ಸ್ವಿಚ್ ಮಾತ್ರ.

ಹಾಕಿಸಿಕೊಂಡವರು ಓದಲು ಕಲಿಯಬೇಕು. ಸಾಮಾನ್ಯವಾಗಿ 85ರಿಂದ 95 ಡಿಗ್ರಿ ಎಂಜಿನ್ನಿನ ಸುಖದ ನೆಲೆ. ಎಸಿ ಹಾಕಿ ಸಂತೆಯ ಗದ್ದಲದಲ್ಲಿ ತೆವಳುವಾಗ 100 ಮುಟ್ಟಿದರೆ ಗಾಬರಿ ಬೇಡ. ರೇಡಿಯೇಟರಿನ ಮುಚ್ಚಳ ನೀರನ್ನು ಒತ್ತಡದಲ್ಲಿ ಹಿಡಿದಿಟ್ಟಿರುವುದರಿಂದ ಅಲ್ಲಿ ನೀರು ಕುದಿಯುವುದು 118ರ ಆಸುಪಾಸಿಗೆ. ಬಿಸಿ ಎಂಜಿನ್ನಿನ ಮುಚ್ಚಳ ತೆರೆದವರ ಮುಖಕ್ಕೆ ನೀರು ಬುಗ್ಗೆಯಾಗಿ ಚಿಮ್ಮುವುದೂ ಇದಕ್ಕೇ: ಒತ್ತಡ ಹೋದ ಕೂಡಲೇ 100ರ ಮೇಲಿನ ನೀರೆಲ್ಲ ಒಮ್ಮೆಲೇ ಕುದಿಯುತ್ತದೆ. 105 ದಾಟಿ ಏರುತ್ತಲೇ ಇದ್ದರೆ ಎಸಿ ಆರಿಸಿ, 110ಕ್ಕೆ ಗಾಡಿ ನಿಲ್ಲಿಸಿ. ಬೋರಿನ ಸವಳು ನೀರನ್ನೇ ರೇಡಿಯೇಟರಿಗೆ ಸುರಿದವರ ಮುಳ್ಳು ವರ್ಷದಿಂದ ವರ್ಷಕ್ಕೆ ಎರಡೆರಡು ಡಿಗ್ರಿ ಮೇಲಕ್ಕೆ ಸರಿಯುವುದನ್ನು ಮಿಸ್ತ್ರಿ ಕಂಡಿದ್ದಾನೆ. ಒಳಗೆ ಸುಣ್ಣ ಕಟ್ಟಿಕೊಳ್ಳುತ್ತಿದೆ ಎಂದು ಅದರ ಅರ್ಥ. ಕೂಲೆಂಟ್ ಬಳಸಿ.

ಇನ್ನೊಂದು ಮಾತು ಗೊತ್ತಿರಲೇಬೇಕು, ಇದನ್ನು ಹೇಳುವವರು ಕಡಿಮೆ. ಸೆಂಡರ್ ಅಳೆಯುವುದು ತನ್ನನ್ನು ತೋಯಿಸಿದ ನೀರಿನ ಶಾಖವನ್ನು. ಹೋಸ್ ಒಡೆದು ನೀರೆಲ್ಲ ಸೋರಿಹೋದರೆ ಅದರ ಸುತ್ತ ಉಳಿಯುವುದು ಬರೀ ಗಾಳಿ. ಎಂಜಿನ್ ಬೇಯುತ್ತಿದ್ದರೂ ಮುಳ್ಳು ಏರುವುದಿಲ್ಲ, ಕೆಳಗಿಳಿಯುತ್ತದೆ. ದಾರಿಯಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ತಣ್ಣಗಾಯಿತೆಂದು ಖುಷಿಪಡಬಾರದು. ಏರಿದಾಗ ನಿಲ್ಲಿಸುವುದಕ್ಕಿಂತ ಬೇಗ ಆಗ ನಿಲ್ಲಿಸಬೇಕು.

ಕೆಲಸ ಮುಗಿದಾಗ ಸಂಜೆ ಐದು. ಮಿಸ್ತ್ರಿ ಚಾವಿ ತಿರುಗಿಸಿ ನನ್ನ ಪಕ್ಕ ಕೂತ. ಭೀಮೆಯ ಸೇತುವೆ ಮುಟ್ಟಿ ಬರೋಣವೆಂದ. ಮೊದಲ ಕೆಲವು ನಿಮಿಷ ಮುಳ್ಳು ಮಿಸುಕಲಿಲ್ಲ. ನನಗೆ ಕಸಿವಿಸಿ. ಅವನು ಕೈ ಎತ್ತಿ ತಡೆಯಲು ಹೇಳಿದ. ಎಂಜಿನ್ ಹದಕ್ಕೆ ಬಂದು ಒಳಗಿನ ಥರ್ಮೋಸ್ಟಾಟ್ ಬಾಗಿಲು ತೆರೆದಾಗಲೇ ಮೇಲಿನ ಹೋಸಿಗೆ ಬಿಸಿನೀರು ನುಗ್ಗುವುದಂತೆ. ಹಾಗೆಯೇ ಆಯಿತು. ಮುಳ್ಳು ಒಮ್ಮೆಲೇ ಎದ್ದು 80 ದಾಟಿ, ತುಸು ತೂಗಿ, 88ಕ್ಕೆ ನಿಂತಿತು. ಸೇತುವೆಯವರೆಗೂ ಅಲ್ಲೇ, ಎಸಿ ಹಾಕಿ ಬರುವಾಗ 91. ಅಂಗಡಿಗೆ ಮರಳಿದ ಮೇಲೆ ಅವನು ಒಳಗಿನಿಂದ ಒಂದು ಸಣ್ಣ ಶೀಷೆ ತಂದ. ಕೆಂಪು ಉಗುರು ಬಣ್ಣ. ಕಡ್ಡಿಯ ತುದಿಗೆ ಅಂಟಿಸಿಕೊಂಡು ಮೀಟರಿನ ಗಾಜಿನ ಮೇಲೆ, 91ರ ಎದುರಿಗೆ ಒಂದು ಚುಕ್ಕಿ ಇಟ್ಟ. "ಪುಸ್ತಕದ ಲೆಕ್ಕ ಬ್ಯಾರೆ, ನಿಮ್ ಗಾಡಿ ಲೆಕ್ಕ ಇದು ಸರ್" ಎಂದು ಅದು ಒಣಗುವವರೆಗೆ ಊದಿದ.