ಆರ್ದ್ರತೆ, ಹಸಿ, ಸೆಕೆ

ಹವಾಮಾನದ ವರದಿಯಲ್ಲಿ ನಿತ್ಯವೂ ಕೇಳಿಬರುವ 'ಆರ್ದ್ರತೆ' ಎಂಬ ಶಬ್ದವು ಪಂಡಿತರ ಸೊತ್ತೆಂದು ತೋರಿದರೂ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ರೈತನಿಗೆ ಅದರ ಮೂಲವು ಅಪರಿಚಿತವಲ್ಲ. ಜೂನ್ ೨೧-೨೨ರ ಸುಮಾರಿಗೆ ಸೂರ್ಯನು ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸಿದ ಮೇಲೆ ಬೀಳುವ ಮಳೆಯೇ ಅವನ 'ಆರಿದ್ರಾ ಮಳೆ'. ಆರ್ದ್ರವೆಂದರೆ ಒದ್ದೆಯಾದುದು; ಕನಿಕರದಿಂದ ಕರಗಿದ ಮನಸ್ಸನ್ನು ನಾವು ದಯಾರ್ದ್ರವೆನ್ನುವುದೂ ಇದರಿಂದಲೇ.

ಆದರೆ ಮನೆಮಾತಿನಲ್ಲಿ ಈ ಒಂದು ಶಬ್ದದ ಕೆಲಸವನ್ನು ಹಲವು ಶಬ್ದಗಳು ಹಂಚಿಕೊಂಡಿವೆ. ಎರೆಭೂಮಿಯಲ್ಲಿರುವುದು 'ಹಸಿ', ಹಿಂಗಾರಿ ಜೋಳವು ಬಹುಮಟ್ಟಿಗೆ ಅದನ್ನೇ ನಂಬಿ ಬೆಳೆಯುತ್ತದೆ. ಬಟ್ಟೆಗೆ, ಕಾಳಿಗೆ 'ತೇವ'. ಗಾಳಿಗೆ 'ತಂಪು'. (ನೆರೆಯ ಮರಾಠಿಗರು 'ಓಲ' ಎಂಬರು, ಉರ್ದು ಬಲ್ಲವರು 'ನಮೀ' ಎಂಬರು.) ಈ ಕಡೆಯ 'ತಂಪು' ಎಂಬುದೇ ನಮ್ಮನ್ನು ದಾರಿ ತಪ್ಪಿಸತಕ್ಕದ್ದು. ನೀರು ತಂಪಾದುದರಿಂದ ನೀರಾವಿ ತುಂಬಿದ ಗಾಳಿಯೂ ತಂಪೇ ಎಂಬ ಭಾವನೆ ಸಹಜ, ಸಹಜವಾದರೂ ಸರಿಯಲ್ಲ.

ವರದಿಯಲ್ಲಿ ಹೇಳುವ ಶೇಕಡಾ ಅಂಕವು ಗಾಳಿಯಲ್ಲಿರುವ ನೀರಿನ ತೂಕವಲ್ಲ. ಆ ಉಷ್ಣದಲ್ಲಿ ಗಾಳಿಯು ಎಷ್ಟು ನೀರಾವಿಯನ್ನು ಧರಿಸಬಲ್ಲುದೋ ಅದರಲ್ಲಿ ಎಷ್ಟು ಪಾಲು ಈಗ ತುಂಬಿದೆಯೆಂಬ ಲೆಕ್ಕವದು. ಒಂದು ಘನ ಮೀಟರು ಗಾಳಿಯು ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ೧೭ ಗ್ರಾಂ ನೀರಾವಿಯನ್ನು, ೪೦ ಡಿಗ್ರಿಯಲ್ಲಿ ಸುಮಾರು ೫೧ ಗ್ರಾಮನ್ನು ಧರಿಸಬಲ್ಲುದು. ಆದುದರಿಂದ ಆರ್ದ್ರತೆ ಶೇಕಡಾ ೬೦ ಇರುವ ೨೦ ಡಿಗ್ರಿಯ ಮುಂಜಾವಿನಲ್ಲಿಯೂ, ಶೇಕಡಾ ೨೦ ಇರುವ ೪೦ ಡಿಗ್ರಿಯ ಮಧ್ಯಾಹ್ನದಲ್ಲಿಯೂ ನೀರು ಹೆಚ್ಚುಕಡಿಮೆ ಒಂದೇ: ೧೦ ಗ್ರಾಂ!

ಇದನ್ನು ಮಣ್ಣಿನ ಕೊಡವು ಯಾವ ಉಪಾಧ್ಯಾಯನಿಗಿಂತಲೂ ಚೆನ್ನಾಗಿ ಕಲಿಸುತ್ತದೆ. ವೈಶಾಖದ ಒಣಗಾಳಿಯಲ್ಲಿ ಕೊಡದ ಮೈಯಿಂದ ಜಿನುಗಿದ ನೀರು ಬೇಗ ಆರುತ್ತದೆ. ಆರುವಾಗ ಒಳಗಿನ ಉಷ್ಣವನ್ನು ಸೆಳೆದೊಯ್ಯುವುದರಿಂದ ನೀರು ತಣ್ಣಗಾಗುತ್ತದೆ. ಶ್ರಾವಣದಲ್ಲಿ ಅದೇ ಕೊಡದ ನೀರು ಅಷ್ಟಾಗಿ ತಣಿಯದು. ಉಪ್ಪು ನೀರೊಡೆಯುವುದೂ, ಹಪ್ಪಳ ಮೆತ್ತಗಾಗುವುದೂ ಆ ದಿನಗಳಲ್ಲಿಯೇ. ಹಗೇವಿನಲ್ಲಿ ಜೋಳ ತುಂಬುತ್ತಿದ್ದ ಹಿರಿಯರು ಕಾಳನ್ನು ಚೆನ್ನಾಗಿ ಒಣಗಿಸದೆ ಇಳಿಸುತ್ತಿರಲಿಲ್ಲ. ತೇವವುಳಿದ ಕಾಳಿಗೆ ಬೂಷ್ಟು ಹಿಡಿಯುವುದೆಂದು ಅವರು ಬಲ್ಲವರಾಗಿದ್ದರು.

ನಮ್ಮ ಶರೀರವೂ ಒಂದು ಕೊಡವೇ. ಬೆವರು ಹರಿದರೆ ಸಾಲದು, ಆರಬೇಕು. ಈ ಸೀಮೆಯ ಬೇಸಗೆ ಬಹುತೇಕ 'ಝಳ'ದ ಬೇಸಗೆ, ಒಣ ಬಿಸಿಲು. ಅಲ್ಲಿ ನೆರಳೂ ನೀರೂ ಬಹಳಮಟ್ಟಿಗೆ ಕಾಯುತ್ತವೆ. ಮಳೆ ಬರುವ ಮುನ್ನ ಮೋಡ ಕವಿದು ಗಾಳಿ ನಿಂತ ದಿನದ 'ಸೆಕೆ' ಬೇರೆ. ಉಷ್ಣಮಾಪಕದ ಅಂಕವು ಇಳಿದಿದ್ದರೂ ಮೈ ತಣಿಯದು. 'ಇಂದು ಬಿಸಿಲಿಲ್ಲ'ವೆಂದು ಹೊಲದಲ್ಲಿ ದುಡಿಯುತ್ತ ನಿಂತವನಿಗೆ ತಲೆ ಸುತ್ತಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಕನ್ನಡವು ಝಳ, ಸೆಕೆಗಳೆಂದು ಎರಡು ಹೆಸರಿಟ್ಟುದು ಸುಮ್ಮನೆಯಲ್ಲ.

ಹವಾಮಾನ ಕೇಂದ್ರಗಳಲ್ಲಿ ಈ ಭೇದವನ್ನು ಅಳೆಯಲು ಎರಡು ಉಷ್ಣಮಾಪಕಗಳನ್ನು ಜೊತೆಯಾಗಿ ಇಡುತ್ತಾರೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ, ಇನ್ನೊಂದು ಒಣದು. ಎರಡರ ಅಂತರ ಹೆಚ್ಚಿದ್ದರೆ ಗಾಳಿ ಒಣಗಿದೆ. ಅಂತರ ಕುಗ್ಗಿದಷ್ಟೂ ಬೆವರು ಆರುವುದು ಕಷ್ಟ. ಒದ್ದೆ ಮಾಪಕವು ೩೫ ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಕುಳಿತ ಆರೋಗ್ಯವಂತನೂ ಹಲವು ಗಂಟೆ ತಾಳಲಾರನೆಂದು ಶಾಸ್ತ್ರಜ್ಞರ ಎಣಿಕೆ. ದುಡಿಯುವವರಿಗೆ, ಮುದುಕರಿಗೆ, ಕೂಸುಗಳಿಗೆ ಅಪಾಯವು ಅದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ.