ಜರಡಿಯಿಂದ ಇಳಿಯದ ನಂಜು

ಎರಡನೇ ಮಹಾಯುದ್ಧದ ಕಾಲ. ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯರು ವಿಚಿತ್ರ ಯಂತ್ರವೊಂದನ್ನು ಕಟ್ಟಿದ್ದರು. ಸಾಸೇಜಿಗೆ ಹೊದಿಸುವ ಸೆಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸುವುದು. ರೋಗಿಯ ರಕ್ತವನ್ನು ಆ ಕೊಳವೆಯಲ್ಲಿ ಹಾಯಿಸಿ ಮತ್ತೆ ದೇಹಕ್ಕೆ ಸೇರಿಸುವುದು. 1943ರಲ್ಲಿ ಆರಂಭವಾದ ಈ ಪ್ರಯೋಗದ ಮೊದಮೊದಲ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರಲ್ಲಿ, ಪ್ರಜ್ಞೆ ತಪ್ಪಿ ಮಲಗಿದ್ದ 67 ವರ್ಷದ ಮಹಿಳೆಯೊಬ್ಬರು ಕಣ್ಣು ತೆರೆದರು. ಕೃತಕ ಮೂತ್ರಪಿಂಡ ಗೆದ್ದಿತ್ತು.

ಇಂದಿನ ಡಯಾಲಿಸಿಸ್ ಯಂತ್ರ ಎಷ್ಟೇ ಸುಧಾರಿಸಿದ್ದರೂ ಅದರ ತತ್ವ ಅದೇ. ಸೂಕ್ಷ್ಮ ರಂಧ್ರಗಳ ಪೊರೆಯ ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ಶುದ್ಧ ದ್ರಾವಣ. ಯೂರಿಯಾದಂಥ ಸಣ್ಣ ಅಣುಗಳು ಸಾಂದ್ರತೆ ಹೆಚ್ಚಿರುವ ರಕ್ತದಿಂದ ಕಡಿಮೆ ಇರುವ ದ್ರಾವಣಕ್ಕೆ ಜಾರುತ್ತವೆ. ರಕ್ತಕಣಗಳೂ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ಒಂದು ಸಲದ ಚಿಕಿತ್ಸೆಯಲ್ಲಿ ಯೂರಿಯಾ ಸುಮಾರು ಮೂರನೇ ಎರಡು ಪಾಲು ಇಳಿಯುತ್ತದೆ.

ಹಾಗಾದರೆ ಯೂರಿಯಾವನ್ನು ಇನ್ನಷ್ಟು ತೊಳೆದರೆ ರೋಗಿಯ ಆಯುಷ್ಯ ಹೆಚ್ಚಬೇಕಲ್ಲವೆ? ಅಮೆರಿಕದಲ್ಲಿ 1,846 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ‘ಹೀಮೊ’ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಹೆಚ್ಚು ತೊಳೆದದ್ದರಿಂದ ಸಾವುಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಸಂಶಯದ ಕಣ್ಣು ಯೂರಿಯಾದಾಚೆಗಿನ ನಂಜುಗಳ ಕಡೆಗೂ ತಿರುಗಿತು.

ಅವುಗಳಲ್ಲಿ ಮುಖ್ಯವಾದುದು ಇಂಡಾಕ್ಸಿಲ್ ಸಲ್ಫೇಟ್. ನಾವು ತಿನ್ನುವ ಬೇಳೆ, ಹಾಲು, ಮಾಂಸಗಳಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶವನ್ನು ಕರುಳಿನ ಬ್ಯಾಕ್ಟೀರಿಯಾಗಳು ಇಂಡೋಲ್ ಆಗಿ ಮಾರ್ಪಡಿಸುತ್ತವೆ. ನೀಲಿ ಬಣ್ಣದ ‘ಇಂಡಿಗೊ’ದಿಂದಲೇ ಈ ಹೆಸರು ಹುಟ್ಟಿದ್ದು. ಯಕೃತ್ತು ಅದನ್ನು ಇಂಡಾಕ್ಸಿಲ್ ಸಲ್ಫೇಟ್ ಮಾಡಿ ರಕ್ತಕ್ಕೆ ಬಿಡುತ್ತದೆ. ಪಿ-ಕ್ರೆಸಿಲ್ ಸಲ್ಫೇಟ್ ಇದರ ಜೊತೆಗಾರ. ರಕ್ತನಾಳಗಳಿಗೆ ಇವು ಹಾನಿ ಮಾಡುತ್ತವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಈ ಅಣುಗಳು ದೊಡ್ಡವಲ್ಲ. ಅಣುತೂಕ ಇನ್ನೂರರ ಆಸುಪಾಸು; ಪೊರೆಯ ರಂಧ್ರದಲ್ಲಿ ಸಲೀಸಾಗಿ ನುಸುಳಬಲ್ಲವು. ಆದರೆ ಅವು ಒಂಟಿಯಾಗಿ ಓಡಾಡುವುದಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ನಿನ ಅಣುತೂಕ ಸುಮಾರು 66,000. ಬಸ್ಸು ಗಲ್ಲಿಗೆ ನುಗ್ಗಲಾರದು. ಬಸ್ಸಿನಿಂದ ಇಳಿದವರಷ್ಟೇ ಗಲ್ಲಿಯೊಳಗೆ ಹೋಗಬಲ್ಲರು. ಅಂತೆಯೇ ಬಿಡಿಯಾಗಿರುವ ಅಲ್ಪ ಭಾಗವಷ್ಟೇ ಪೊರೆ ದಾಟುತ್ತದೆ. ಹೀಗಾಗಿ ಈ ನಂಜು ಇಳಿಯುವುದು ಸುಮಾರು ಮೂರನೇ ಒಂದು ಪಾಲು ಮಾತ್ರ.

ಆರೋಗ್ಯವಂತ ಮೂತ್ರಪಿಂಡ ಇದನ್ನು ಹೇಗೆ ನಿಭಾಯಿಸುತ್ತದೆ? ಅದು ಬರೀ ಜರಡಿಯಲ್ಲ. ಅದರ ಸೂಕ್ಷ್ಮನಾಳಗಳ ಗೋಡೆಯಲ್ಲಿ ಸಾಗಣೆ ಮಾಡುವ ಪ್ರೋಟೀನುಗಳಿವೆ. ಬಿಡಿಯಾಗಿ ಸಿಕ್ಕ ನಂಜನ್ನು ಅವು ಎಳೆದು ಮೂತ್ರಕ್ಕೆ ಹಾಕುತ್ತವೆ. ಬಿಡಿ ಭಾಗ ಕಡಿಮೆಯಾದಂತೆ ಆಲ್ಬುಮಿನ್ ಮತ್ತಷ್ಟನ್ನು ಬಿಟ್ಟುಕೊಡುತ್ತದೆ. ವಾರದ 168 ಗಂಟೆಯೂ ನಡೆಯುವ ಕೆಲಸವಿದು. ವಾರಕ್ಕೆ ಮೂರು ಸಲ, ನಾಲ್ಕು ಗಂಟೆಯಂತೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸಿಗುವುದು ಹನ್ನೆರಡೇ ಗಂಟೆ. ಕೋಲ್ಫ್ ಅವರ ಯಂತ್ರ ಜರಡಿಯನ್ನು ಅನುಕರಿಸಿತು. ಆರಿಸಿ ಎಳೆಯುವ ಕೈಗಳನ್ನಲ್ಲ.

ರಂಧ್ರಗಳನ್ನು ಹಿಗ್ಗಿಸಿದರೆ ನಂಜಿನ ಜೊತೆ ದೇಹಕ್ಕೆ ಬೇಕಾದ ಆಲ್ಬುಮಿನ್ನೂ ಸೋರಿಹೋಗುತ್ತದೆ. ಆದ್ದರಿಂದ ಬೇರೆ ದಾರಿಗಳ ಹುಡುಕಾಟ ನಡೆದಿದೆ. ಡಯಾಲಿಸಿಸ್ ಅವಧಿಯನ್ನೂ ದ್ರಾವಣದ ಹರಿವನ್ನೂ ಹೆಚ್ಚಿಸುವುದು ಒಂದು; ಇದ್ದಿಲು ಅಥವಾ ರಾಳಕ್ಕೆ ನಂಜನ್ನು ಅಂಟಿಸಿ ಹಿಡಿಯುವುದು ಇನ್ನೊಂದು. ಆಲ್ಬುಮಿನ್ ಮೇಲೆ ನಂಜು ಕೂರುವ ಜಾಗಕ್ಕೆ ಬೇರೊಂದು ಔಷಧವನ್ನು ಕೂರಿಸಿ, ನಂಜನ್ನು ಎಬ್ಬಿಸಿ ಕಳಿಸುವುದು ಮೂರನೆಯದು. ಚಿಕಿತ್ಸೆಯ ನಡುವೆ ಯಂತ್ರದೊಳಕ್ಕೆ ಹೋಗುವ ರಕ್ತಕ್ಕೆ ಐಬುಪ್ರೊಫೆನ್ ಸೇರಿಸಿದಾಗ ಈ ನಂಜುಗಳು ಹೆಚ್ಚು ಹೊರಹೋದವೆಂದು 2019ರಲ್ಲಿ ವರದಿಯಾಯಿತು. ಇದು ಪ್ರಯೋಗವಷ್ಟೆ; ಮೂತ್ರಪಿಂಡದ ರೋಗಿಗಳು ಈ ಮಾತ್ರೆಯನ್ನು ತಾವಾಗಿ ನುಂಗುವುದು ಅಪಾಯ.

ಬಾಯಿಯ ಮೂಲಕ ಕೊಡುವ ಇದ್ದಿಲಿನ ಗುಳಿಗೆ ಎಎಸ್‌ಟಿ-120 ಜಪಾನಿನಲ್ಲಿ 1991ರಿಂದ ಬಳಕೆಗೆ ಬಂತು. ಅದು ಇಂಡೋಲನ್ನು ಕರುಳಿನಲ್ಲೇ ಹೀರುತ್ತದೆ. ಆದರೆ ಇನ್ನೂ ಡಯಾಲಿಸಿಸ್ ಹಂತಕ್ಕೆ ಬಾರದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಅದು ನಿರೀಕ್ಷಿತ ಲಾಭ ತೋರಲಿಲ್ಲ.

ಸದ್ಯಕ್ಕೆ ಕೈಗೆಟುಕುವ ಪಾಠ ಸರಳ. ಡಯಾಲಿಸಿಸ್ ಆರಂಭವಾದ ಮೇಲೂ ಅಷ್ಟಿಷ್ಟು ಮೂತ್ರ ಹೋಗುವವರ ರಕ್ತದಲ್ಲಿ ಈ ನಂಜುಗಳು ಕಡಿಮೆ. ಸೋತ ಮೂತ್ರಪಿಂಡದಲ್ಲಿ ಉಳಿದಿರುವ ಆ ಚೂರು ಶಕ್ತಿಯನ್ನು ಕಾಪಾಡಿಕೊಳ್ಳಿ ಎಂದು ವೈದ್ಯರು ಹೇಳುವುದು ಅದಕ್ಕಾಗಿಯೇ.