ದಾಖಲೆ ತೆರೆಯುವಷ್ಟು ಚಾರ್ಜ್ ಉಳಿದಿರಬೇಕು

ನಾವು ನಾಲ್ಕು ಜನ ಸೇರಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಒಂದು ಹೆಲ್ತ್ ರೆಕಾರ್ಡ್ ಆಪ್ ಮಾಡಿದ್ದೆವು. ಲ್ಯಾಬ್ ರಿಪೋರ್ಟು, ಡಾಕ್ಟರ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲವನ್ನೂ ರೋಗಿ ತನ್ನ ಫೋನಿನಲ್ಲೇ ಇಟ್ಟುಕೊಳ್ಳೋದು, ಅಷ್ಟೇ ಐಡಿಯಾ. ಡೆಮೋ ದಿನ ಚಾರ್ಜರ್‌ಗೆ ಸಿಕ್ಕಿಸಿದ ಹೊಸ ಫೋನಿನಲ್ಲಿ, ಕಾಲೇಜಿನ ವೈಫೈನಲ್ಲಿ ಅದು ಚಿಂದಿಯಾಗಿ ಓಡಿತು. ಮಾರ್ಕ್ಸೂ ಬಂತು.

ಆಮೇಲೆ ನಮ್ಮಲ್ಲೊಬ್ಬನ ತಾತ ಅದನ್ನು ಬಳಸೋಕೆ ಶುರುಮಾಡಿದರು. ತಿಪಟೂರಿನ ಹತ್ತಿರದ ಹಳ್ಳಿ, ಹಳೇ ಸಕ್ಕರೆ ಕಾಯಿಲೆ, 2017ರಲ್ಲಿ ಕೊಂಡ ಫೋನು. "ಇನ್ನು ಆ ಪ್ಲಾಸ್ಟಿಕ್ ಕವರ್ ಹೊತ್ಕೊಂಡು ತಿರುಗೋದು ಬೇಡ ತಾತ" ಅಂದವರು ನಾವೇ. ಅವರು ನಂಬಿದರು. ಸಿಟಿ ಸ್ಕ್ಯಾನ್‌ಗೆಂದು ಬಸ್ಸಿನಲ್ಲಿ ತುಮಕೂರಿಗೆ ಹೋದಾಗ ಕವರ್ ಮನೆಯಲ್ಲೇ ಬಿಟ್ಟಿದ್ದರು. ಸ್ಕ್ಯಾನ್‌ಗೆ ಕಾಂಟ್ರಾಸ್ಟ್ ಔಷಧಿ ಚುಚ್ಚುವ ಮೊದಲು ಕಿಡ್ನಿ ಹೇಗಿದೆ ಅಂತ ನೋಡಬೇಕು, ಹಾಗಾಗಿ ಹಿಂದಿನ ವಾರದ ಕ್ರಿಯಾಟಿನಿನ್ ಎಷ್ಟಿತ್ತು ಅಂತ ಕೇಳಿದರು. ತಾತ ಜೇಬಿಂದ ಫೋನ್ ತೆಗೆದರೆ ಅದು ಆಫ್ ಆಗಿತ್ತು. ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿಕೊಂಡೇ ಹೊರಟಿದ್ದರಂತೆ. ರಕ್ತ ಮತ್ತೆ ಕೊಟ್ಟು, ಮರುದಿನ ಮತ್ತೆ ಬಸ್ ಹತ್ತಿ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ನಮ್ಮನ್ನು ಬೈಯಲಿಲ್ಲ. "ಪೇಪರಿಗೆ ಚಾರ್ಜು ಹಾಕೋದು ಬೇಕಿರ್ಲಿಲ್ಲ ಕಣ್ರಪ್ಪಾ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಗ್ರೀನ್ ಸಾಫ್ಟ್‌ವೇರ್, ಸುಸ್ಥಿರ ವಿನ್ಯಾಸ ಅಂದರೆ ಅಲ್ಲಿಯವರೆಗೆ ನಮಗೆ ಸೆಮಿನಾರ್ ಟಾಪಿಕ್ ಆಗಿತ್ತು. ತಾತನ ಫೋನನ್ನು ತಂದು ಬ್ಯಾಟರಿಸ್ಟ್ಯಾಟ್ಸ್ ಲಾಗ್ ತೆಗೆದು ಕೂತಾಗ ಅರ್ಥವಾಯಿತು, ಆಸ್ಪತ್ರೆಯ ಕೌಂಟರ್ ಮುಂದೆ ಇದು ಬರೀ ಪರಿಸರದ ಪ್ರಶ್ನೆ ಅಲ್ಲ ಅಂತ.

ಲಾಗ್‌ನಲ್ಲಿ ಕಂಡದ್ದು ಇಷ್ಟು. ನಮ್ಮ ಆಪ್ 15 ನಿಮಿಷಕ್ಕೊಮ್ಮೆ ಸರ್ವರ್‌ಗೆ ಫೋನ್ ಹಚ್ಚಿ "ಹೊಸ ರಿಪೋರ್ಟ್ ಬಂತಾ?" ಅಂತ ಕೇಳುತ್ತಿತ್ತು. ದಿನಕ್ಕೆ 96 ಸಲ. ಪ್ರತಿ ಸಲ ಹೋಗಿಬರುವ ಡೇಟಾ ಒಂದೆರಡು ಕೆಬಿ, ಅದೇನು ಮಹಾ ಅಂದುಕೊಂಡಿದ್ದೆವು. ತಪ್ಪಿದ್ದು ಅಲ್ಲೇ. ಮೊಬೈಲ್ ರೇಡಿಯೋ ಒಮ್ಮೆ ಎದ್ದರೆ ಕೆಲಸ ಮುಗಿದ ಕ್ಷಣವೇ ಮಲಗೋದಿಲ್ಲ. ಇನ್ನೂ ಏನಾದರೂ ಬರಬಹುದು ಅಂತ 4ಜಿಯಲ್ಲಿ ಸುಮಾರು 10 ಸೆಕೆಂಡು ಎಚ್ಚರವಾಗೇ ಕಾಯುತ್ತದೆ. ಒಂದು ಚೊಂಬು ನೀರಿಗೋಸ್ಕರ ಹಂಡೆ ಒಲೆ ಹಚ್ಚಿದ ಹಾಗೆ: ನೀರು ಕಾದಮೇಲೂ ಕೆಂಡ ಉರೀತಾನೇ ಇರುತ್ತದೆ. 96 ಸಲ ಹತ್ತತ್ತು ಸೆಕೆಂಡು ಅಂದರೆ 16 ನಿಮಿಷ ರೇಡಿಯೋ ಸುಮ್ಮನೆ ಉರಿದಂತಾಯಿತು, ವಾರಕ್ಕೊಂದು ರಿಪೋರ್ಟೂ ಬಾರದ ಮನುಷ್ಯನಿಗೆ!

ಆದರೆ 16 ನಿಮಿಷದಿಂದ ಫೋನ್ ಸಾಯುವುದಿಲ್ಲ. ಸಾಯಿಸಿದ್ದು ಬಸ್ ಪ್ರಯಾಣ. ದಾರಿಯಲ್ಲಿ ಸಿಗ್ನಲ್ ಕಡಿಮೆಯಾದಷ್ಟೂ ಟವರ್‌ಗೆ ಕೇಳಿಸಲಿ ಅಂತ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ. ಅಂಥಾ ಜಾಗದಲ್ಲಿ ನಮ್ಮ ಸಿಂಕ್ ಫೇಲ್ ಆಗುತ್ತಿತ್ತು. ಫೇಲ್ ಆದರೆ? ನಾವು ಬರೆದ ಕೋಡು: ತಕ್ಷಣ ಮತ್ತೆ ಪ್ರಯತ್ನಿಸು. ಮತ್ತೆ ಫೇಲ್, ಮತ್ತೆ ತಕ್ಷಣ. ಆಂಡ್ರಾಯ್ಡ್ 6ರಿಂದ ಈಚೆಗೆ ಡೋಜ್ ಅನ್ನುವ ವ್ಯವಸ್ಥೆ ಇದೆಯಲ್ಲ, ಬಳಸದೆ ಸುಮ್ಮನಿಟ್ಟ ಫೋನಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ತಡೆದು ಒಟ್ಟೊಟ್ಟಿಗೆ ಮಾಡಿಸುವುದು, ಅದು ನಮ್ಮನ್ನು ತಡೀಬಾರದು ಅಂತ ಫೋರ್‌ಗ್ರೌಂಡ್ ಸರ್ವಿಸ್ ಮತ್ತು ವೇಕ್ ಲಾಕ್ ಎರಡನ್ನೂ ಹಾಕಿದ್ದೆವು. ಇಂಟರ್ನೆಟ್ಟಿನಲ್ಲಿ ಯಾರೋ ಕೊಟ್ಟ ಸಲಹೆ, ಡೆಮೋದಲ್ಲಿ ಕೆಲಸ ಮಾಡಿತ್ತು. ಬಸ್ಸಿನಲ್ಲಿ ಅದು ತಾತನ ಜೇಬಿನಲ್ಲಿ ಗಂಟೆಗಟ್ಟಲೆ ಸಿಪಿಯುವನ್ನೂ ರೇಡಿಯೋವನ್ನೂ ನಿದ್ದೆ ಮಾಡಗೊಡದೆ ಕೂರಿಸಿತ್ತು.

ಸರಿಪಡಿಸಿದ್ದು ನಾಲ್ಕು ಸಾಲಿನ ಬದಲಾವಣೆ ಅಂದರೆ ನಗ್ತೀರಿ. ನಮ್ಮದೇ ಸರ್ವಿಸ್ ಕಿತ್ತುಹಾಕಿ ಕೆಲಸವನ್ನು ವರ್ಕ್‌ಮ್ಯಾನೇಜರ್‌ಗೆ ಒಪ್ಪಿಸಿದೆವು: ದಿನಕ್ಕೊಮ್ಮೆ, ಚಾರ್ಜ್‌ಗೆ ಹಾಕಿದ್ದಾಗ, ನೆಟ್‌ವರ್ಕ್ ಇದ್ದಾಗ. ಫೇಲ್ ಆದರೆ ಅರ್ಧ ನಿಮಿಷ, ಆಮೇಲೆ ಒಂದು, ಆಮೇಲೆ ಎರಡು ಹೀಗೆ ದುಪ್ಪಟ್ಟು ಕಾಯುವುದು. ರೋಗಿಗೆ ಈಗಲೇ ಬೇಕಿದ್ದರೆ ಪರದೆಯನ್ನು ಕೆಳಗೆ ಎಳೆದು ತಾನೇ ತರಿಸಿಕೊಳ್ಳಬಹುದು. ಮುಖ್ಯವಾಗಿ, ಒಮ್ಮೆ ಬಂದ ದಾಖಲೆ ಫೋನಿನಲ್ಲೇ ಉಳಿಯುತ್ತದೆ, ತೆರೆಯೋಕೆ ನೆಟ್ ಬೇಕಾಗಿಲ್ಲ.

ಇನ್ನು ದಾಖಲೆಯ ಗಾತ್ರ. ನಮ್ಮ ದೇಶದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುವಾದ ಮೇಲೆ 14 ಅಂಕಿಯ ಆಭಾ ಸಂಖ್ಯೆ ನಿಮ್ಮ ಮನೆಯವರಲ್ಲೂ ಯಾರಿಗಾದರೂ ಇದ್ದೀತು. ಆ ವ್ಯವಸ್ಥೆಯಲ್ಲಿ ದಾಖಲೆಗಳೆಲ್ಲ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಆಸ್ಪತ್ರೆ, ಲ್ಯಾಬ್‌ಗಳಲ್ಲೇ ಇದ್ದು, ರೋಗಿ ಒಪ್ಪಿಗೆ ಕೊಟ್ಟಾಗ ಆಪ್‌ಗೆ ಬರುತ್ತವೆ. ಬರುವ ರೂಪದ ಹೆಸರು ಎಫ್‌ಎಚ್‌ಐಆರ್, ಉಚ್ಚಾರಣೆ 'ಫೈರ್'. (ತಾತನ ಫೋನ್ ಬಿಸಿಯಾಗಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಪೂರ್ತಿ ಹೇಳಲಾರೆವು.) ನಾವೂ ಅದೇ ರೂಪ ಬಳಸಿದ್ದೆವು. "ಕ್ರಿಯಾಟಿನಿನ್, ಇಷ್ಟು, ಈ ದಿನಾಂಕ" ಅಂತ ಅಂಕಿಯಾಗಿ ಬಂದರೆ ಒಂದೆರಡು ಕೆಬಿ. ಆದರೆ ಅದೇ ರಿಪೋರ್ಟನ್ನು ಪ್ರಿಂಟ್ ಹಾಕಿ, ಫೋಟೋ ಹೊಡೆದು, ಪಿಡಿಎಫ್ ಮಾಡಿ ಒಳಗೆ ತುರುಕಿದರೆ ಪುಟಕ್ಕೆ ಮೂರ್ನಾಲ್ಕು ಎಂಬಿ. ಜೇಸನ್ ಒಳಗೆ ಕಡತ ತುಂಬಲು ಬೇಸ್64 ಮಾಡಬೇಕು. ಅದರಲ್ಲಿ 3 ಬೈಟ್‌ಗೆ 4 ಅಕ್ಷರ, ಅಂದರೆ ಗಾತ್ರ ಇನ್ನೂ ಮೂರನೇ ಒಂದು ಭಾಗ ಹಿಗ್ಗುತ್ತದೆ. ನಾವು ಇದರ ಮೇಲೆ ಇನ್ನೊಂದು ಪೆದ್ದತನ ಮಾಡಿದ್ದೆವು: ಮೊದಲು ಎನ್‌ಕ್ರಿಪ್ಟ್ ಮಾಡಿ ಆಮೇಲೆ ಜಿಪ್. ಎನ್‌ಕ್ರಿಪ್ಟ್ ಆದ ಡೇಟಾ ನೋಡೋಕೆ ಬರೀ ಗದ್ದಲ, ಅದರಲ್ಲಿ ಪುನರಾವರ್ತನೆ ಇರೋದಿಲ್ಲ, ಹಾಗಾಗಿ ಕುಗ್ಗೋದೂ ಇಲ್ಲ. ಕುಗ್ಗಿಸೋದು ಮೊದಲು, ಬೀಗ ಹಾಕೋದು ಆಮೇಲೆ.

ಬೀಗವನ್ನೇ ಬಿಟ್ಟರೆ ಬ್ಯಾಟರಿ ಉಳಿಯುತ್ತಲ್ಲ ಅಂತ ರಿವ್ಯೂನಲ್ಲಿ ಒಬ್ಬರು ಕೇಳಿದರು. ಅದು ಆಗದ ಮಾತು. ಕಾಯಿಲೆಯ ವಿಷಯ ಊರಿಗೆಲ್ಲ ಗೊತ್ತಾದರೆ ಚಾರ್ಜ್ ಇದ್ದೇನು ಪ್ರಯೋಜನ? ಎಇಎಸ್ ಲೆಕ್ಕಕ್ಕೆ ಪ್ರತ್ಯೇಕ ಸೂಚನೆಗಳಿಲ್ಲದ ಅಗ್ಗದ ಪ್ರೊಸೆಸರ್‌ಗಳಲ್ಲಿ ಅದು ನಿಧಾನ ಅನ್ನೋದು ನಿಜ. ಅಂಥ ಫೋನ್‌ಗಳ ಸ್ಟೋರೇಜ್‌ಗೆಂದೇ ಗೂಗಲ್‌ನವರು 2019ರಲ್ಲಿ ಅಡಿಯಾಂಟಮ್ ಅನ್ನೋ ವಿಧಾನ ತಂದರು, ಅದರ ಒಳಗೆ ಇರೋದು ಚಾಚಾ ಸೈಫರ್. ಅಂದರೆ ಕಳಚೋದಲ್ಲ, ಹಗುರವಾದದ್ದು ಆರಿಸೋದು.

ಫೋಟೋ ಕುಗ್ಗಿಸುವಾಗ ಮಾತ್ರ ನಾವು ಹೆದರಿಕೊಂಡೇ ಕೈ ಹಾಕಿದೆವು. ಎ4 ಪುಟವನ್ನು 150 ಡಿಪಿಐನಲ್ಲಿ ಬರೀ ಕಪ್ಪು ಬಿಳುಪು ಮಾಡಿದರೆ ಕುಗ್ಗಿಸದೆಯೂ ಸುಮಾರು 270 ಕೆಬಿ. ಲೆಕ್ಕ ನೋಡಿ ಕುಣಿದಾಡಿದೆವು. ಆಮೇಲೆ ಮಂಕಾದ ಪ್ರಿಂಟ್ ಒಂದರಲ್ಲಿ 1.4ರ ಚುಕ್ಕೆ ಮಾಯವಾಗಿ 14 ಆಗಿದ್ದು ಕಣ್ಣಿಗೆ ಬಿತ್ತು. ಇಂಥದ್ದು ಲೋಕದಲ್ಲಿ ಹೊಸದೇನಲ್ಲ: 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅವರು ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಹಾಕುತ್ತಿದ್ದುದನ್ನು ಪತ್ತೆ ಮಾಡಿದ್ದರು. ಒಂದೇ ಥರ ಕಾಣುವ ತುಣುಕುಗಳನ್ನು ಒಂದೇ ಅಂತ ತಿಳಿದು ಜಾಗ ಉಳಿಸುವ ವಿಧಾನವೇ ಅಲ್ಲಿ ಕಾರಣ. ನಾವು ಗ್ರೇಸ್ಕೇಲ್‌ಗೆ ಹಿಂತಿರುಗಿದೆವು. ಸ್ವಲ್ಪ ಭಾರ, ಆದರೆ ಚುಕ್ಕೆ ಇರುತ್ತದೆ.

ಡಾರ್ಕ್ ಮೋಡ್ ಬಗ್ಗೆ ಎಲ್ಲರೂ ಕೇಳ್ತಾರೆ. ಓಎಲ್ಇಡಿ ಪರದೆಯಲ್ಲಿ ಕಪ್ಪು ಅಂದರೆ ಪಿಕ್ಸೆಲ್ ಆರಿದ ಹಾಗೆ, ಅಲ್ಲಿ ಉಳಿತಾಯ ಉಂಟು. ತಾತನದು ಎಲ್‌ಸಿಡಿ. ಹಿಂದಿನ ದೀಪ ಹೇಗೂ ಉರೀತಾನೇ ಇರುತ್ತೆ. ಕಪ್ಪು ಹಿನ್ನೆಲೆಯಲ್ಲಿ ಅವರಿಗೆ ಓದೋಕಾಗದೆ ಬ್ರೈಟ್‌ನೆಸ್ ಜಾಸ್ತಿ ಮಾಡಿಕೊಂಡರು. ತೆಗೆದುಹಾಕಿದೆವು.

ಇಂಗಾಲದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದೆವು. 3000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 11 ವ್ಯಾಟ್ ಅವರ್. ದಿನಕ್ಕೊಮ್ಮೆ ತುಂಬಿಸಿದರೂ ಚಾರ್ಜರ್‌ನ ನಷ್ಟವೂ ಸೇರಿ ವರ್ಷಕ್ಕೆ ಐದು ಯೂನಿಟ್ಟಿನ ಆಸುಪಾಸು. ನಮ್ಮ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೆ ಮೂರೂವರೆ ಕಿಲೋ. ಹೊಸ ಫೋನ್ ಒಂದನ್ನು ತಯಾರಿಸೋದರಲ್ಲೇ ಇದರ ಎಷ್ಟೋ ಪಟ್ಟು ಹೋಗಿರುತ್ತದೆ. ಫೋನ್ ಕಂಪನಿಗಳ ಪರಿಸರ ವರದಿಗಳಲ್ಲೇ ಜೀವಮಾನದ ಲೆಕ್ಕದ ಬಹುಪಾಲು ತಯಾರಿಕೆಯದ್ದು. ಅಂದರೆ ನಮ್ಮ ಆಪ್ ಹಸಿರು ಅನ್ನಿಸಿಕೊಳ್ಳಬೇಕಾದರೆ ವ್ಯಾಟ್ ಉಳಿಸಿದರೆ ಸಾಲದು, "ಈ ಆಪ್ ಓಡಲ್ಲ, ಬೇರೆ ಫೋನ್ ತಗೊಳ್ಳಿ" ಅನ್ನೋ ಮಾತು ಬರದ ಹಾಗೆ ನೋಡಿಕೊಳ್ಳಬೇಕು. ಹಾಗಾಗಿ ಆಂಡ್ರಾಯ್ಡ್ 6ಕ್ಕೂ ಬೆಂಬಲ ಇಟ್ಟೆವು, ಮೂರು ಅನಿಮೇಷನ್ ಲೈಬ್ರರಿ ಕಿತ್ತೆವು, ಗ್ರಾಫ್ ಬಿಡಿಸೋಕೆ ತಂದಿದ್ದ ದೊಡ್ಡ ಪ್ಯಾಕೇಜಿನ ಬದಲು ನಾವೇ ಗೆರೆ ಎಳೆದೆವು. ನೋಡೋಕೆ ಆಪ್ ಈಗ ಸಪ್ಪೆ. ನಮ್ಮ ಯುಐ ಬರೆದವಳಿಗೆ ಇನ್ನೂ ಸಿಟ್ಟಿದೆ.

ಕೊನೆಗೆ ಸೇರಿಸಿದ್ದು ಒಂದು ಪ್ರಿಂಟ್ ಗುಂಡಿ. ರಕ್ತದ ಗುಂಪು, ಅಲರ್ಜಿ, ಈಗ ತಗೊಳ್ಳುತ್ತಿರುವ ಮಾತ್ರೆಗಳು, ಈಚಿನ ಮುಖ್ಯ ಟೆಸ್ಟುಗಳು, ಎಲ್ಲ ಒಂದೇ ಹಾಳೆಯಲ್ಲಿ. ತಾತ ಅದನ್ನು ಹಳೇ ಪ್ಲಾಸ್ಟಿಕ್ ಕವರ್‌ನಲ್ಲೇ ಇಟ್ಟುಕೊಂಡಿದ್ದಾರೆ, ಫೋನ್ ಇನ್ನೊಂದು ಜೇಬಿನಲ್ಲಿ.

ಬಾಕಿ ಇರೋದು ಒಂದು. ಅವರು ಹೋಗುವ ಲ್ಯಾಬ್ ಈಗಲೂ ರಿಪೋರ್ಟನ್ನು ಆರು ಪುಟದ ಸ್ಕ್ಯಾನ್ ಮಾಡಿ ಕಳಿಸುತ್ತದೆ, ಅದರಲ್ಲಿ ಎರಡು ಪುಟ ಅವರದೇ ಜಾಹೀರಾತು. ಅಂಕಿಗಳನ್ನಷ್ಟೇ ಕೊಡಿ ಅಂತ ಎರಡು ಸಲ ಹೋಗಿ ಕೇಳಿದ್ದೇವೆ. ಮುಂದಿನ ಬ್ಯಾಚಿನವರು ಯಾರಾದರೂ ಈ ಪ್ರಾಜೆಕ್ಟ್ ಮುಂದುವರಿಸೋದಾದರೆ ಬನ್ನಿ, ಕೋಡ್ ಕೊಡ್ತೀವಿ. ತಾತನ ಫೋನಿನಂಥದ್ದೇ ಒಂದು ಹಳೇ ಫೋನನ್ನು ಟೆಸ್ಟಿಂಗ್‌ಗೆ ಅಂತ ಲ್ಯಾಬ್‌ನಲ್ಲಿ ಇಟ್ಟಿದ್ದೇವೆ, ಚಾರ್ಜರ್ ಮಾತ್ರ ಕೊಡಲ್ಲ.